ಗೋಲಿ ಸೋಡಾದಿಂದ ‘ಬಿಂದು’ವಿನವರೆಗೆ: ಮಲೆನಾಡು–ಕರಾವಳಿಯ ಸ್ಥಳೀಯ ತಂಪುಪಾನೀಯದ ಚರಿತ್ರೆ

ಪೀಠಿಕೆ

ಕರ್ನಾಟಕದ ಆರ್ಥಿಕ ಚರಿತ್ರೆಯನ್ನು ಕುರಿತ ಅಧ್ಯಯನಗಳಲ್ಲಿ ಅಡಿಕೆ, ಮೆಣಸು, ಅಕ್ಕಿ, ಉಪ್ಪು, ಶ್ರೀಗಂಧ ಮುಂತಾದ ಸರಕುಗಳಿಗೆ ಪ್ರಮುಖ ಸ್ಥಾನ ದೊರೆತಿದೆ. ಜನಸಾಮಾನ್ಯರು ನಿತ್ಯವೂ ಕೊಂಡು ಬಳಸುವ ಸಣ್ಣ ವಸ್ತುಗಳ ಕಡೆಗೆ ವಿದ್ವಾಂಸರ ಗಮನ ಹರಿದಿರುವುದು ಕಡಿಮೆ. ಸಂತೆ, ಜಾತ್ರೆ, ಬಸ್ ನಿಲ್ದಾಣ ಮತ್ತು ಚಿತ್ರಮಂದಿರಗಳಲ್ಲಿ ಮಾರಾಟವಾಗುತ್ತ ಬಂದ ತಂಪುಪಾನೀಯವು ಇಂತಹ ವಸ್ತುಗಳಲ್ಲೊಂದು. ಆದರೂ ಒಂದು ಪ್ರದೇಶದ ಆಹಾರ ಪದ್ಧತಿ, ಸಾರಿಗೆ, ತಾಂತ್ರಿಕತೆ, ಸರ್ಕಾರದ ತೆರಿಗೆ ನೀತಿ ಮತ್ತು ಬಂಡವಾಳದ ಸ್ವರೂಪ ಇವೆಲ್ಲವೂ ಒಂದು ಬಾಟಲಿಯಲ್ಲಿ ಬಂದು ಸೇರುತ್ತವೆ.

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳು ಅಡಿಕೆ ತೋಟಗಳ ನಾಡು. ಘಟ್ಟದ ಕೆಳಗಿನ ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು ಕೂಡ ಅಡಿಕೆಯನ್ನೇ ನೆಚ್ಚಿಕೊಂಡ ಪಟ್ಟಣ. ಈ ಎರಡು ಸೀಮೆಗಳಿಗೂ ಹಳೆಯ ನಂಟಿದೆ. ಕೆಳದಿಯ ಅರಸರ ಕಾಲದಲ್ಲಿ ಇಕ್ಕೇರಿ, ಬಿದನೂರುಗಳಿಂದ ಹಿಡಿದು ಮಂಗಳೂರಿನವರೆಗಿನ ಕರಾವಳಿ ಒಂದೇ ಆಳ್ವಿಕೆಗೆ ಸೇರಿತ್ತು. 1799ರಲ್ಲಿ ಟಿಪ್ಪುವಿನ ಪತನಾನಂತರ ಕರಾವಳಿಯು ಈಸ್ಟ್ ಇಂಡಿಯಾ ಕಂಪನಿಗೂ ನಗರ ಸೀಮೆಯು ಮೈಸೂರು ಸಂಸ್ಥಾನಕ್ಕೂ ಸೇರಿ ಆಡಳಿತ ಬೇರೆಯಾಯಿತು. ಆದರೆ ಘಾಟಿಯ ದಾರಿಗಳಲ್ಲಿ ನಡೆಯುತ್ತಿದ್ದ ವ್ಯಾಪಾರ ನಿಲ್ಲಲಿಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಿಂದ ಇವೆರಡೂ ಮತ್ತೆ ಒಂದೇ ರಾಜ್ಯದಲ್ಲಿ ಸೇರಿದವು. ಪುತ್ತೂರಿನಲ್ಲಿ ಹುಟ್ಟಿ ಕರ್ನಾಟಕದಾದ್ಯಂತ ಹರಡಿದ ‘ಬಿಂದು’ ಎಂಬ ಪಾನೀಯದ ಚರಿತ್ರೆಯನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸುವುದು, ಅದಕ್ಕೆ ಮುಂಚಿನ ಗೋಲಿ ಸೋಡಾದ ಕಾಲವನ್ನು ಗುರುತಿಸುವುದು ಹಾಗೂ ಮಲೆನಾಡಿನ ಸ್ವಂತ ಪಾನೀಯವಾದ ಮುರುಗಲು ಪೇಟೆಯಲ್ಲಿ ಅಂತಹ ಸ್ಥಾನವನ್ನು ಏಕೆ ಪಡೆಯಲಿಲ್ಲ ಎಂಬುದನ್ನು ವಿವೇಚಿಸುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ.

ಪಾನಕ ಮತ್ತು ಕಷಾಯದ ಪರಂಪರೆ

ಕರ್ನಾಟಕದಲ್ಲಿ ಪಾನೀಯಗಳನ್ನು ಕುರಿತ ಬರವಣಿಗೆಗೆ ದೀರ್ಘವಾದ ಪರಂಪರೆಯಿದೆ. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅರಸನ ಉಪಭೋಗಗಳ ಪೈಕಿ ಅನ್ನಭೋಗದಂತೆ ಪಾನೀಯಭೋಗವೂ ಒಂದು. 16ನೆಯ ಶತಮಾನದ ಆದಿಯಲ್ಲಿದ್ದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ದಲ್ಲಿ ಪಾನಕಗಳಿಗೆ ಪ್ರತ್ಯೇಕ ಅಧ್ಯಾಯವಿದೆ. ಕೆಳದಿಯ ಬಸವಪ್ಪನಾಯಕನು ಸುಮಾರು 1709ರಲ್ಲಿ ಸಂಸ್ಕೃತದಲ್ಲಿ ರಚಿಸಿದ ವಿಶ್ವಕೋಶ ಸದೃಶವಾದ ‘ಶಿವತತ್ತ್ವರತ್ನಾಕರ’ವು ಪಾಕಶಾಸ್ತ್ರವನ್ನೂ ಒಳಗೊಂಡಿದೆ. ಇಂದಿನ ಸಾಗರ ತಾಲ್ಲೂಕಿನಲ್ಲಿ ಹುಟ್ಟಿದ ರಾಜಮನೆತನದ ಅರಸನೊಬ್ಬನು ಅಡುಗೆಯ ವಿಷಯವನ್ನು ಶಾಸ್ತ್ರಗಳ ಸಾಲಿನಲ್ಲಿರಿಸಿದ್ದು ಗಮನಾರ್ಹ.

ಗ್ರಂಥಗಳಿಗಿಂತಲೂ ಮನೆಯ ಬಳಕೆ ಹೆಚ್ಚು ದೃಢವಾದುದು. ಬೆಲ್ಲ, ಏಲಕ್ಕಿ, ಮೆಣಸು, ಶುಂಠಿ ಬೆರೆತ ಪಾನಕ ರಾಮನವಮಿಯಂದು ಕನ್ನಡ ನಾಡಿನ ಎಲ್ಲೆಡೆ ವಿನಿಯೋಗವಾಗುತ್ತದೆ. ಮಲೆನಾಡಿನ ಮನೆಗಳಲ್ಲಿ ಬೇಸಿಗೆಗೆ ಮಜ್ಜಿಗೆ, ಮುರುಗಲಿನ ಪಾನಕ, ಊಟದ ಜೊತೆಗೆ ಮಾವಿನ ಮಿಡಿಯ ಅಪ್ಪೆಹುಳಿ, ಮಳೆಗಾಲಕ್ಕೆ ಕಷಾಯ. ಹುರಿದ ಕೊತ್ತಂಬರಿ ಬೀಜ, ಜೀರಿಗೆ, ಕಾಳುಮೆಣಸು, ಮೆಂತ್ಯಗಳನ್ನು ಪುಡಿಮಾಡಿಟ್ಟುಕೊಂಡು ಬೆಲ್ಲ ಹಾಕಿ ಕುದಿಸುವ ಈ ಕಷಾಯವು ಘಟ್ಟದ ಮೇಲಿನ ಹಾಗೂ ಕೆಳಗಿನ ಹವ್ಯಕ ಮನೆಗಳಲ್ಲಿ ಕಾಫಿ ಚಹಾಗಳಿಗೆ ಸಮನಾದ ಸ್ಥಾನವನ್ನು ಉಳಿಸಿಕೊಂಡಿದೆ. ಬಂದವರಿಗೆ ಆಸರಿಗೆ ಕೇಳುವುದು, ಅಂದರೆ ಬಾಯಾರಿಕೆಗೆ ಏನಾದರೂ ಕೊಡುವುದು, ಇಲ್ಲಿ ಆತಿಥ್ಯದ ಮೊದಲ ವಿಧಿ. ಆದ್ದರಿಂದಲೇ ಪಾನೀಯವನ್ನು ಹಣ ಕೊಟ್ಟು ಕೊಳ್ಳುವ ರೂಢಿ ಮನೆಯಲ್ಲಿ ಹುಟ್ಟಲಿಲ್ಲ. ಅದು ಮನೆಯಿಂದ ಹೊರಗೆ, ಪ್ರಯಾಣ ಮತ್ತು ಜಾತ್ರೆಗಳಲ್ಲಿ ಹುಟ್ಟಿತು.

ಹವಾಮಾನವೂ ಇಲ್ಲಿ ಮುಖ್ಯವಾದ ಅಂಶ. ಆಗುಂಬೆ, ಹುಲಿಕಲ್ ಪ್ರದೇಶಗಳು ದೇಶದಲ್ಲಿಯೇ ಅತಿ ಹೆಚ್ಚು ಮಳೆ ಬೀಳುವ ತಾಣಗಳ ಸಾಲಿಗೆ ಸೇರುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಅನಂತರ ಚಳಿ. ಆದಕಾರಣ ತಣ್ಣನೆಯ ಪಾನೀಯದ ವ್ಯಾಪಾರಕ್ಕೆ ಮಲೆನಾಡಿನಲ್ಲಿ ದೊರೆಯುವ ಅವಧಿ ಮುಖ್ಯವಾಗಿ ಫೆಬ್ರುವರಿಯಿಂದ ಮೇವರೆಗಿನ ನಾಲ್ಕು ತಿಂಗಳು. ವರ್ಷವಿಡೀ ಸೆಕೆಯಿರುವ ಕರಾವಳಿಗೂ ಮಲೆನಾಡಿಗೂ ಇರುವ ಈ ವ್ಯತ್ಯಾಸವನ್ನು ಮುಂದಿನ ವಿವೇಚನೆಯಲ್ಲಿ ನೆನಪಿಡಬೇಕಾಗುತ್ತದೆ.

ಗೋಲಿ ಸೋಡಾ: ಬಾಟಲಿ ಮರಳಿ ಬರುವ ದೂರ

ನೀರಿಗೆ ಇಂಗಾಲಾಮ್ಲ ಅನಿಲವನ್ನು ಬೆರೆಸುವ ವಿಧಾನವನ್ನು 1767ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ ಕಂಡುಕೊಂಡು, 1772ರಲ್ಲಿ ಅದನ್ನು ಪ್ರಕಟಿಸಿದನು. ಜಿನೀವಾದ ಜೇಕಬ್ ಶ್ವೆಪ್ 1783ರಲ್ಲಿ ಇದನ್ನು ವಾಣಿಜ್ಯ ಉತ್ಪಾದನೆಗೆ ಅಳವಡಿಸಿದನು. ಆದರೆ ಅನಿಲವನ್ನು ಬಾಟಲಿಯಲ್ಲಿ ಹಿಡಿದಿಡುವುದು ಕಷ್ಟದ ಕೆಲಸವಾಗಿತ್ತು. ಬೆಂಡಿನ ಬಿರಡೆ ಒಣಗಿದರೆ ಅನಿಲ ಸೋರಿಹೋಗುತ್ತಿತ್ತು. ಈ ತೊಡಕನ್ನು ಪರಿಹರಿಸಿದವನು ಲಂಡನ್ನಿನ ಹೈರಮ್ ಕಾಡ್. ಅವನು 1870ರ ದಶಕದ ಆರಂಭದಲ್ಲಿ ಹಕ್ಕುಸ್ವಾಮ್ಯ ಪಡೆದ ಬಾಟಲಿಯೇ ಭಾರತದಲ್ಲಿ ಗೋಲಿ ಸೋಡಾ ಬಾಟಲಿಯೆಂದು ಪ್ರಸಿದ್ಧವಾಯಿತು. ಜಪಾನಿನಲ್ಲಿ ‘ರಾಮುನೆ’ ಎಂಬ ಪಾನೀಯಕ್ಕೆ ಇಂದಿಗೂ ಇದೇ ಮಾದರಿಯ ಬಾಟಲಿ ಬಳಕೆಯಲ್ಲಿದೆ.

ಇದರ ರಚನೆ ಸರಳ ಹಾಗೂ ಜಾಣ್ಮೆಯದು. ಬಾಟಲಿಯ ಕೊರಳಿನೊಳಗೆ ಒಂದು ಗಾಜಿನ ಗೋಲಿ, ಬಾಯಿಯ ಒಳಭಾಗದಲ್ಲಿ ಒಂದು ರಬ್ಬರ್ ಉಂಗುರ. ಯಂತ್ರದಲ್ಲಿ ಬಾಟಲಿಯನ್ನು ತಲೆಕೆಳಗಾಗಿಸಿ ನೀರನ್ನೂ ಅನಿಲವನ್ನೂ ತುಂಬಿದಾಗ ಗೋಲಿಯು ಬಾಯಿಯ ಕಡೆಗೆ ಜಾರುತ್ತದೆ; ಒಳಗಿನ ಅನಿಲದ ಒತ್ತಡವೇ ಅದನ್ನು ರಬ್ಬರಿಗೆ ಒತ್ತಿ ಹಿಡಿಯುತ್ತದೆ. ಕುಡಿಯುವಾಗ ಗೋಲಿಯನ್ನು ಹೆಬ್ಬೆರಳಿನಿಂದಲೋ ಮರದ ಒತ್ತುಗುಂಡಿಯಿಂದಲೋ ಒಳಕ್ಕೆ ಅದುಮಬೇಕು. ಕೊರಳಿನಲ್ಲಿರುವ ತಗ್ಗು, ಬಾಟಲಿಯನ್ನು ಬಾಗಿಸಿದಾಗ ಗೋಲಿ ಮತ್ತೆ ಬಾಯಿಗೆ ಅಡ್ಡವಾಗದಂತೆ ತಡೆಯುತ್ತದೆ. ಮುಚ್ಚಳವನ್ನು ಕೊಳ್ಳುವ ಅಗತ್ಯವಿಲ್ಲ. ಕೈಯಿಂದ ತಿರುಗಿಸುವ ಯಂತ್ರ, ಅನಿಲದ ಸಿಲಿಂಡರು ಮತ್ತು ಒಳ್ಳೆಯ ಬಾವಿಯ ನೀರಿದ್ದರೆ ಸೋಡಾ ತಯಾರಿಕೆ ಸಾಧ್ಯ. ಅಲ್ಪ ಬಂಡವಾಳದ ಈ ಉದ್ಯಮವು 20ನೆಯ ಶತಮಾನದಲ್ಲಿ ಕರ್ನಾಟಕದ ಸಣ್ಣ ಪಟ್ಟಣಗಳಲ್ಲಿ ನೆಲೆಯೂರಲು ಇದೇ ಕಾರಣ. ಇಂತಹ ಒಂದೇ ಕೋಣೆಯ ಘಟಕವನ್ನೂ ಜನರು ‘ಸೋಡಾ ಫ್ಯಾಕ್ಟರಿ’ ಎಂದೇ ಕರೆದರು.

ಬಾಟಲಿಯ ಗುಣವೇ ಅದರ ಮಿತಿಯೂ ಆಗಿತ್ತು. ದಪ್ಪ ಗಾಜಿನ ಬಾಟಲಿ ಒಳಗಿನ ಪಾನೀಯಕ್ಕಿಂತ ಬೆಲೆಯುಳ್ಳದ್ದು. ಗಿರಾಕಿ ಕುಡಿದು ಬಾಟಲಿಯನ್ನು ಅಂಗಡಿಯಲ್ಲಿಯೇ ಬಿಟ್ಟುಹೋಗಬೇಕು. ಅಂಗಡಿಯವನು ಅದನ್ನು ಮರದ ಪೆಟ್ಟಿಗೆಯಲ್ಲಿ ಜೋಡಿಸಿ ಫ್ಯಾಕ್ಟರಿಗೆ ಮರಳಿಸಬೇಕು. ಹೀಗಾಗಿ ಒಂದು ಸೋಡಾ ಫ್ಯಾಕ್ಟರಿಯ ಮಾರುಕಟ್ಟೆಯನ್ನು ನಿರ್ಧರಿಸುತ್ತಿದ್ದುದು ರುಚಿಯಲ್ಲ, ಖಾಲಿ ಬಾಟಲಿ ಮರಳಿ ಬರಬಲ್ಲ ದೂರ. ಸೈಕಲ್ಲು ಅಥವಾ ಕೈಗಾಡಿ ಒಂದು ದಿನದಲ್ಲಿ ಹೋಗಿ ಬರುವಷ್ಟು ಹರವು ಅದರದ್ದು. ಪ್ರತಿ ಪಟ್ಟಣಕ್ಕೂ ತನ್ನದೇ ಸೋಡಾ ಇದ್ದದ್ದು, ಅದು ಪಕ್ಕದ ಪಟ್ಟಣವನ್ನು ದಾಟದೆ ಉಳಿದದ್ದು ಈ ಕಾರಣದಿಂದಲೇ ಎಂದು ಹೇಳಬಹುದು.

ಮಲೆನಾಡಿನ ಭೂಗೋಳ ಈ ಮಿತಿಯನ್ನು ಇನ್ನಷ್ಟು ಬಿಗಿಗೊಳಿಸುವಂತಹುದು. 20ನೆಯ ಶತಮಾನದ ಪೂರ್ವಾರ್ಧದಲ್ಲಿ ಶಿವಮೊಗ್ಗದಿಂದ ಹೊರಟ ರೈಲುಮಾರ್ಗವು ಸಾಗರದ ಮೂಲಕ ತಾಳಗುಪ್ಪವನ್ನು ತಲುಪಿತು. ಹೊಸನಗರ ಮತ್ತು ತೀರ್ಥಹಳ್ಳಿಗಳಿಗೆ ರೈಲು ಬರಲಿಲ್ಲ. ಅವುಗಳಿಗೆ ರಸ್ತೆಯೊಂದೇ ದಾರಿ. ಹೊಳೆಗಳು, ಗುಡ್ಡಗಳು ಮತ್ತು ಚದುರಿದ ಮನೆಗಳ ಈ ನಾಡಿನಲ್ಲಿ ಗಾಜಿನ ಬಾಟಲಿಗಳ ದಿನನಿತ್ಯದ ಸಂಚಾರ ಸುಲಭವಲ್ಲ. ಜನರೇ ಒಂದೆಡೆ ಸೇರುವ ಸಂದರ್ಭಗಳು ಇಲ್ಲಿ ವ್ಯಾಪಾರಕ್ಕೆ ಒದಗಿದವು. ಮೂರು ವರ್ಷಗಳಿಗೊಮ್ಮೆ ನಡೆಯುವ ಸಾಗರದ ಮಾರಿಕಾಂಬಾ ಜಾತ್ರೆ, ತುಂಗಾ ತೀರದ ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ, ಜೋಗ ಜಲಪಾತದ ಪ್ರವಾಸಿಗರು, ವಾರದ ಸಂತೆ ಇವು ಇಂತಹ ಸಂದರ್ಭಗಳು.

1977 ಮತ್ತು ಮೈಸೂರಿನ ಸೂತ್ರ

ಅಖಿಲ ಭಾರತ ಮಟ್ಟದ ಪಾನೀಯಗಳು ಬಳಸಿದ್ದು ಬೇರೆ ಬಗೆಯ ಬಾಟಲಿಯನ್ನು. 1892ರಲ್ಲಿ ಅಮೆರಿಕದ ವಿಲಿಯಂ ಪೇಂಟರ್ ರೂಪಿಸಿದ ತಗಡಿನ ಮುಚ್ಚಳವು ಯಂತ್ರದ ಮೂಲಕ ವೇಗವಾಗಿ ಬಾಟಲಿ ತುಂಬುವುದನ್ನು ಸಾಧ್ಯವಾಗಿಸಿತು. ಕೋಕಾ–ಕೋಲಾ 1950ರಲ್ಲಿ ದೆಹಲಿಯಲ್ಲಿ ಉತ್ಪಾದನೆಯನ್ನು ಆರಂಭಿಸಿತು. 1973ರ ವಿದೇಶಿ ವಿನಿಮಯ ನಿಯಂತ್ರಣ ಕಾಯಿದೆಯ ಅನ್ವಯ ವಿದೇಶಿ ಬಂಡವಾಳದ ಪಾಲನ್ನು ತಗ್ಗಿಸಬೇಕಾದ ಪ್ರಸಂಗ ಬಂದಾಗ ಆ ಕಂಪನಿ ಒಪ್ಪದೆ 1977ರಲ್ಲಿ ದೇಶವನ್ನು ಬಿಟ್ಟಿತು. ಆಗ ಜನತಾ ಸರ್ಕಾರದ ಕೈಗಾರಿಕಾ ಸಚಿವರಾಗಿ ಈ ವಿಷಯದಲ್ಲಿ ಕಠಿಣ ನಿಲುವು ತಳೆದವರು ಮಂಗಳೂರಿನಲ್ಲಿ ಜನಿಸಿದ ಜಾರ್ಜ್ ಫರ್ನಾಂಡಿಸ್.

ಈ ತೆರವಾದ ಸ್ಥಾನವನ್ನು ತುಂಬಲು ಸರ್ಕಾರವೇ ಒಂದು ಪಾನೀಯವನ್ನು ಹೊರತಂದದ್ದು ಭಾರತದ ಕೈಗಾರಿಕಾ ಚರಿತ್ರೆಯ ವಿಶಿಷ್ಟ ಪ್ರಸಂಗ. ಅದರ ಸೂತ್ರ ರೂಪುಗೊಂಡದ್ದು ಕರ್ನಾಟಕದಲ್ಲಿ. 1950ರಲ್ಲಿ ಮೈಸೂರಿನ ಚೆಲುವಾಂಬ ವಿಲಾಸದಲ್ಲಿ ಸ್ಥಾಪನೆಗೊಂಡ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ಕೋಲಾದ ಸೂತ್ರವನ್ನು ಸಿದ್ಧಪಡಿಸಿತು. ಸಾರ್ವಜನಿಕ ಉದ್ದಿಮೆಯಾದ ಮಾಡರ್ನ್ ಬೇಕರೀಸ್ ಅದನ್ನು ‘ಡಬಲ್ ಸೆವೆನ್’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. ತುರ್ತು ಪರಿಸ್ಥಿತಿ ಕೊನೆಗೊಂಡು ಜನತಾ ಸರ್ಕಾರ ಬಂದ 1977ನೆಯ ಇಸವಿಯನ್ನು ಈ ಹೆಸರು ಸೂಚಿಸುತ್ತಿತ್ತು. ಆದರೆ ಅದೇ ವರ್ಷ ಪಾರ್ಲೆ ಸಂಸ್ಥೆ ಹೊರತಂದ ‘ಥಮ್ಸ್ ಅಪ್’ ಮಾರುಕಟ್ಟೆಯನ್ನು ಆಕ್ರಮಿಸಿತು. 1980ರಲ್ಲಿ ಸರ್ಕಾರ ಬದಲಾದ ಮೇಲೆ ಡಬಲ್ ಸೆವೆನ್ ತನಗಿದ್ದ ಬೆಂಬಲವನ್ನು ಕಳೆದುಕೊಂಡು ಕ್ರಮೇಣ ಮರೆಯಾಯಿತು. ಅದನ್ನು ತಯಾರಿಸಿದ ಸಂಸ್ಥೆಯ ಬಹುಪಾಲು ಷೇರುಗಳೂ 2000ದಲ್ಲಿ ಖಾಸಗಿ ಕಂಪನಿಗೆ ಮಾರಾಟವಾದವು.

ಡಬಲ್ ಸೆವೆನ್ ದೇಶೀಯವಾಗಿತ್ತು, ಆದರೆ ಯಾವ ದೇಶದ ರುಚಿಯೂ ಅದರ ಬೆನ್ನಿಗಿರಲಿಲ್ಲ. ಹೋದವರ ರುಚಿಯನ್ನೇ ಹೋಲುವ ವಸ್ತುವನ್ನು ಒದಗಿಸುವುದು ಅದರ ಗುರಿಯಾಗಿತ್ತು. ಪ್ರಯೋಗಾಲಯದ ನೈಪುಣ್ಯ ಮತ್ತು ಸರ್ಕಾರದ ಅಧಿಕಾರ ಎರಡೂ ಜೊತೆಗಿದ್ದರೂ ಒಂದು ಪಾನೀಯ ಜನರಲ್ಲಿ ಬೇರೂರಲಿಲ್ಲ ಎಂಬ ಈ ಅಂಶವು ಕಾಲು ಶತಮಾನದ ನಂತರ ಪುತ್ತೂರಿನಲ್ಲಿ ಸರ್ಕಾರದ ನೆರವಿಲ್ಲದೆ ಹುಟ್ಟಿದ ಪಾನೀಯದೊಡನೆ ಹೋಲಿಸಿ ನೋಡುವಂತಹುದು.

ಉದಾರೀಕರಣದ ಬಳಿಕ 1993ರಲ್ಲಿ ಕೋಕಾ–ಕೋಲಾ ಮರಳಿ ಬಂದು ಪಾರ್ಲೆಯ ಪ್ರಮುಖ ಪಾನೀಯಗಳನ್ನು ಕೊಂಡುಕೊಂಡಿತು. 1990ರಲ್ಲಿಯೇ ಪೆಪ್ಸಿಯ ಪ್ರವೇಶವಾಗಿತ್ತು. ಊರ ಸೋಡಾ ಫ್ಯಾಕ್ಟರಿಗಳು ತಗಡಿನ ಮುಚ್ಚಳ, ಶೀತಕ ಪೆಟ್ಟಿಗೆ ಮತ್ತು ದೂರದರ್ಶನದ ಜಾಹೀರಾತುಗಳ ಎದುರು ಹಿಂದೆ ಸರಿದವು. 2003ರಲ್ಲಿ ಕೋಕಾ–ಕೋಲಾ 200 ಮಿಲಿಲೀಟರಿನ ಗಾಜಿನ ಬಾಟಲಿಯನ್ನು 5 ರೂಪಾಯಿಗೆ ಮಾರಲಾರಂಭಿಸಿದಾಗ ಅದರ ಗುರಿ ಸ್ಪಷ್ಟವಾಗಿ ಸಣ್ಣ ಪಟ್ಟಣ ಮತ್ತು ಹಳ್ಳಿಗಳೇ ಆಗಿದ್ದವು. ಗೋಲಿ ಸೋಡಾದ ಗಿರಾಕಿಯನ್ನು ಅವನ ಊರಿನಲ್ಲಿಯೇ ಸೆಳೆಯುವ ಪ್ರಯತ್ನ ಅದಾಗಿತ್ತು.

ಪುತ್ತೂರಿನ ‘ಬಿಂದು’

ಸಣ್ಣ ಉತ್ಪಾದಕನಿಗೆ ಇನ್ನು ಅವಕಾಶವಿಲ್ಲವೆಂದು ತೋರುತ್ತಿದ್ದ ಇದೇ ಕಾಲಘಟ್ಟದಲ್ಲಿ ಬಿಂದು ಕಾಣಿಸಿಕೊಂಡಿತು. ಇದರ ಸ್ಥಾಪಕರಾದ ಸತ್ಯಶಂಕರ ಅವರು ಬೆಳ್ಳಾರೆಯವರು. 1980ರ ದಶಕದಲ್ಲಿ ಸ್ವಯಂಉದ್ಯೋಗದ ಸಾಲ ಪಡೆದು ಆಟೋರಿಕ್ಷಾ ಓಡಿಸುವ ಮೂಲಕ ದುಡಿಮೆಯನ್ನು ಆರಂಭಿಸಿದ ಅವರು, ಅನಂತರ ಬಾಡಿಗೆ ಕಾರು, ವಾಹನಗಳ ಬಿಡಿಭಾಗದ ಅಂಗಡಿ, ಟೈರು ಮಾರಾಟ ಮತ್ತು ವಾಹನ ಸಾಲದ ವ್ಯವಹಾರಗಳನ್ನು ಪುತ್ತೂರಿನಲ್ಲಿ ನಡೆಸಿದರು. 2000ದಲ್ಲಿ ‘ಬಿಂದು’ ಹೆಸರಿನ ಬಾಟಲಿ ನೀರು, 2002ರಲ್ಲಿ ‘ಬಿಂದು ಜೀರಾ ಮಸಾಲ’ ಮಾರುಕಟ್ಟೆಗೆ ಬಂದವು. ಪುತ್ತೂರು ಬಳಿಯ ನರಿಮೊಗರಿನಲ್ಲಿ ಕಾರ್ಖಾನೆ ಸ್ಥಾಪನೆಯಾಯಿತು. ಎಸ್.ಜಿ. ಸಮೂಹದ ಈ ಉದ್ದಿಮೆಯು ಕಾಲಕ್ರಮದಲ್ಲಿ ಮಾವಿನ ಪಾನೀಯ, ಕುರುಕಲು ತಿಂಡಿಗಳಿಗೂ ವಿಸ್ತರಿಸಿ ನೆರೆಯ ರಾಜ್ಯಗಳನ್ನು ಪ್ರವೇಶಿಸಿತು.

ಈ ಬೆಳವಣಿಗೆಯಲ್ಲಿ ಮೂರು ಅಂಶಗಳನ್ನು ಗುರುತಿಸಬಹುದು.

ಮೊದಲನೆಯದು ಪುತ್ತೂರಿನ ಆರ್ಥಿಕ ಪರಿಸರ. 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪನೆಗೊಂಡ ಕ್ಯಾಂಪ್ಕೊ ಸಹಕಾರ ಸಂಸ್ಥೆಯು ಅಡಿಕೆ ಬೆಳೆಗಾರರಿಗೆ ಮಾರುಕಟ್ಟೆಯ ಭದ್ರತೆ ಒದಗಿಸಿತಲ್ಲದೆ, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನು ಆರಂಭಿಸಿತು. ಕೃಷಿಯಿಂದ ಬಂದ ವಸ್ತುವನ್ನು ಸಂಸ್ಕರಿಸಿ, ಹೆಸರಿಟ್ಟು, ದೂರದ ಊರುಗಳಿಗೆ ಮಾರಬಹುದೆಂಬುದಕ್ಕೆ ಆ ಪಟ್ಟಣದಲ್ಲಿಯೇ ಒಂದು ನಿದರ್ಶನವಿತ್ತು. ಅಡಿಕೆಯ ಹಣ ಓಡಾಡುವ ಊರಿನಲ್ಲಿ ವಾಹನಗಳೂ, ವಾಹನ ಸಾಲಗಳೂ ಹೆಚ್ಚು. ಆ ವ್ಯವಹಾರದಿಂದ ಬಂದ ಬಂಡವಾಳ ಮತ್ತು ರಸ್ತೆ, ಅಂಗಡಿ, ಸಾಲ ವಸೂಲಿಗಳ ಪರಿಚಯ ಪಾನೀಯದ ವಿತರಣೆಗೆ ನೇರವಾಗಿ ಒದಗುವಂತಹವು.

ಎರಡನೆಯದು ಬಾಟಲಿ. ಬಿಂದು ಬಂದದ್ದು ಹಗುರವಾದ ಪ್ಲಾಸ್ಟಿಕ್ ಬಾಟಲಿಯಲ್ಲಿ. ಇದು ಮರಳಿ ಬರಬೇಕಾದ ಬಾಟಲಿಯಲ್ಲ. ಖಾಲಿ ಪೆಟ್ಟಿಗೆಯ ಲೆಕ್ಕ, ಒಡೆದ ಗಾಜಿನ ನಷ್ಟ, ಠೇವಣಿಯ ಜಗಳ ಯಾವುದೂ ಇಲ್ಲ. ಗೋಲಿ ಸೋಡಾವನ್ನು ಒಂದು ಪಟ್ಟಣಕ್ಕೆ ಕಟ್ಟಿಹಾಕಿದ್ದ ಹಗ್ಗ ಇಲ್ಲಿ ಕಡಿದುಹೋಯಿತು. ನರಿಮೊಗರಿನಲ್ಲಿ ತುಂಬಿದ ಬಾಟಲಿ ಆಗುಂಬೆ, ಬಾಳೆಬರೆ ಘಾಟಿಗಳನ್ನು ಹತ್ತಿ ತೀರ್ಥಹಳ್ಳಿಯನ್ನೋ ಹೊಸನಗರವನ್ನೋ ತಲುಪಿದರೆ ಸಾಕು, ಮರಳುವ ಚಿಂತೆಯಿಲ್ಲ. ಉಪ್ಪು, ಒಣಮೀನು, ತೆಂಗಿನಕಾಯಿ ಘಟ್ಟ ಹತ್ತುತ್ತಿದ್ದ ಮತ್ತು ಅಕ್ಕಿ, ಅಡಿಕೆ, ಮೆಣಸು ಇಳಿಯುತ್ತಿದ್ದ ಹಳೆಯ ದಾರಿಗಳಲ್ಲಿ ಹೊಸ ಸರಕೊಂದು ಸಂಚರಿಸತೊಡಗಿತು. ಈ ಅನುಕೂಲದ ಬೆಲೆಯೂ ಸಣ್ಣದಲ್ಲ. ಹಿಂದೆ ಅಂಗಡಿಗೆ ಮರಳುತ್ತಿದ್ದ ಬಾಟಲಿ ಈಗ ಘಾಟಿಯ ರಸ್ತೆಯಂಚಿನಲ್ಲಿ, ಜಲಪಾತಗಳ ಬದಿಯಲ್ಲಿ, ಜಾತ್ರೆಯ ಗದ್ದೆಯಲ್ಲಿ ಉಳಿಯುತ್ತದೆ. ಎಲ್ಲ ಕಂಪನಿಗಳ ಪಾನೀಯಗಳಿಗೂ ಬಾಟಲಿ ನೀರಿಗೂ ಈ ಮಾತು ಅನ್ವಯಿಸುತ್ತದೆ.

ಮೂರನೆಯದು ರುಚಿ. ಕೋಲಾ, ಕಿತ್ತಳೆ, ನಿಂಬೆಗಳಲ್ಲಿ ದೊಡ್ಡ ಕಂಪನಿಗಳೊಡನೆ ಸ್ಪರ್ಧಿಸುವುದನ್ನು ಬಿಟ್ಟು ಬಿಂದು ಜೀರಿಗೆಯನ್ನು ಆಯ್ದುಕೊಂಡಿತು.

ಜೀರಿಗೆಯ ವಿಚಾರ

ಉತ್ತರ ಭಾರತದ ಪ್ರವಾಸದಲ್ಲಿ ಜನರು ಸೋಡಾಕ್ಕೆ ಜೀರಿಗೆ ಹಾಗೂ ಮಸಾಲೆ ಬೆರೆಸಿ ಕುಡಿಯುವುದನ್ನು ಕಂಡದ್ದು ಈ ಪಾನೀಯಕ್ಕೆ ಪ್ರೇರಣೆಯಾಯಿತೆಂಬುದು ಸ್ಥಾಪಕರ ಬಗೆಗಿನ ಬರಹಗಳಲ್ಲಿ ಮತ್ತೆ ಮತ್ತೆ ಬರುವ ಸಂಗತಿ. ಜಲಜೀರಾ ಆ ಭಾಗದ ಹಳೆಯ ಪಾನೀಯ. ಜೀರಿಗೆಯ ಸೋಡಾವನ್ನು ಬಾಟಲಿಗೆ ತುಂಬಿದವರಲ್ಲಿ ಬಿಂದು ಮೊದಲನೆಯದೂ ಅಲ್ಲ. ಪಾರ್ಲೆಯ ‘ರಿಮ್ ಝಿಮ್’ ಅದಕ್ಕಿಂತ ಹಿಂದಿನದು. ಹಾಗಾದರೆ ರಿಮ್ ಝಿಮ್ ಉಳಿಯದ ಮಾರುಕಟ್ಟೆಯಲ್ಲಿ ಬಿಂದು ಹೇಗೆ ನಿಂತಿತು ಎಂಬ ಪ್ರಶ್ನೆ ಏಳುತ್ತದೆ.

ಇದಕ್ಕೆ ಉತ್ತರವನ್ನು ಉತ್ಪಾದಕರ ಪ್ರೇರಣೆಯಲ್ಲಿ ಹುಡುಕುವುದಕ್ಕಿಂತ ಗ್ರಾಹಕರ ನಾಲಗೆಯಲ್ಲಿ ಹುಡುಕುವುದು ಸೂಕ್ತ. ಕರಾವಳಿ ಮತ್ತು ಮಲೆನಾಡಿನಲ್ಲಿ ಜೀರಿಗೆಯು ಒಗ್ಗರಣೆಯ ಸಾಮಗ್ರಿ ಮಾತ್ರವಲ್ಲ. ಅದು ಕುಡಿಯುವ ವಸ್ತು. ಅಜೀರ್ಣಕ್ಕೆ ಜೀರಿಗೆ ನೀರು, ನೆಗಡಿಗೆ ಕಷಾಯ, ಬಾಣಂತಿಗೆ ಜೀರಿಗೆಯ ಔಷಧೋಪಚಾರ ಮನೆಮಾತಾಗಿವೆ. ‘ಜೀರಕ’ ಎಂಬ ಸಂಸ್ಕೃತ ಶಬ್ದವೇ ಜೀರ್ಣಕ್ರಿಯೆಗೆ ಸಂಬಂಧಿಸಿದ್ದು. ಆದ್ದರಿಂದ ಭೋಜನಾನಂತರ ಕುಡಿಯುವ ಜೀರಿಗೆಯ ಸೋಡಾ ಇಲ್ಲಿಯ ಜನರಿಗೆ ಅಪರಿಚಿತ ವಿಲಾಸವಾಗಿ ತೋರಲಿಲ್ಲ. ಕೋಲಾದ ಬಗ್ಗೆ ಅನುಮಾನವಿದ್ದ ಹಿರಿಯರೂ ಇದನ್ನು ಒಪ್ಪುವಂತಾಯಿತು. ಮದುವೆ, ಉಪನಯನಗಳ ಊಟದ ನಂತರ ಇಂತಹ ಬಾಟಲಿ ಹಂಚುವ ಪದ್ಧತಿ ಬೆಳೆದದ್ದು ಈ ಒಪ್ಪಿಗೆಯ ಗುರುತು.

ಮಲೆನಾಡಿನ ಹವಾಮಾನದ ವಿಷಯದಲ್ಲಿಯೂ ಈ ಅಂಶ ಮುಖ್ಯ. ತಣಿಸುವ ಪಾನೀಯಕ್ಕೆ ಇಲ್ಲಿ ನಾಲ್ಕೇ ತಿಂಗಳ ಬೇಡಿಕೆ. ಜೀರ್ಣಕ್ಕೆ ಕುಡಿಯುವ ಪಾನೀಯಕ್ಕೆ ಋತುವಿನ ಹಂಗಿಲ್ಲ. ಊಟವಿರುವಲ್ಲೆಲ್ಲ ಅದಕ್ಕೆ ಸ್ಥಳವಿದೆ. ಆದರೆ ಸಕ್ಕರೆಯ ಪ್ರಮಾಣ ಅಧಿಕವಾಗಿರುವ ಬಾಟಲಿಯ ಪಾನೀಯವನ್ನು ಮನೆಯ ಕಷಾಯಕ್ಕೆ ಸಮನೆಂದು ಭಾವಿಸುವಂತಿಲ್ಲ. ಕಷಾಯದ ಹೆಸರನ್ನು ಅದು ಪಡೆಯಿತು, ಗುಣವನ್ನು ಪೂರ್ತಿಯಾಗಿ ಪಡೆಯಲಿಲ್ಲ.

ಇಲ್ಲಿ ಒಂದು ವೈಚಿತ್ರ್ಯವೂ ಇದೆ. ಜೀರಿಗೆಯು ಕರಾವಳಿಯಲ್ಲಾಗಲಿ ಮಲೆನಾಡಿನಲ್ಲಾಗಲಿ ಬೆಳೆಯುವ ಪದಾರ್ಥವಲ್ಲ. ಒಣ ಹವೆಯನ್ನು ಬಯಸುವ ಈ ಬೆಳೆಯ ಬಹುಭಾಗ ಗುಜರಾತ್ ಮತ್ತು ರಾಜಸ್ಥಾನಗಳದು. ಗುಜರಾತಿನ ಊಂಝಾ ಅದರ ಪ್ರಧಾನ ಮಾರುಕಟ್ಟೆ. ಸ್ಥಳೀಯ ಪಾನೀಯದ ಸ್ಥಳೀಯತೆ ಹಾಗಾದರೆ ಬೆಳೆಯುವ ನೆಲದಲ್ಲಿಲ್ಲ; ಶತಮಾನಗಳ ಬಳಕೆಯಲ್ಲಿದೆ. ಮೆಣಸನ್ನು ಕೊಟ್ಟು ಜೀರಿಗೆಯನ್ನು ಪಡೆದ ನಾಡು ಅದನ್ನು ತನ್ನದನ್ನಾಗಿ ಮಾಡಿಕೊಂಡಿತು.

2003ರ ಆಗಸ್ಟ್‌ನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 12 ಪ್ರಮುಖ ತಂಪುಪಾನೀಯಗಳಲ್ಲಿ ಕೀಟನಾಶಕದ ಅಂಶಗಳಿರುವುದಾಗಿ ಪ್ರಕಟಿಸಿತು. ಜಂಟಿ ಸಂಸದೀಯ ಸಮಿತಿಯೊಂದು ವಿಚಾರಣೆ ನಡೆಸಿ 2004ರಲ್ಲಿ ವರದಿ ಸಲ್ಲಿಸಿತು. ಅಂತರ್ಜಲದ ವಿವಾದದಿಂದಾಗಿ ಕೇರಳದ ಪ್ಲಾಚಿಮಡದ ಕೋಕಾ–ಕೋಲಾ ಕಾರ್ಖಾನೆ 2004ರಲ್ಲಿ ಮುಚ್ಚಿತು. ಪಾನೀಯದಲ್ಲಿ ಏನಿದೆ, ಅದರ ನೀರು ಎಲ್ಲಿಯದು ಎಂಬ ಪ್ರಶ್ನೆಗಳನ್ನು ಜನಸಾಮಾನ್ಯರು ಕೇಳತೊಡಗಿದ ಈ ವರ್ಷಗಳಲ್ಲಿಯೇ ಬಿಂದು ಬೆಳೆದುದು ಕಾಕತಾಳೀಯವೆನಿಸಿದರೂ ಅದಕ್ಕೆ ಅನುಕೂಲವಾದ ವಾತಾವರಣ ಇತ್ತೆಂಬುದನ್ನು ಅಲ್ಲಗಳೆಯಲಾಗದು.

ಬಿಂದುವಿನ ನಂತರ ಜೀರಿಗೆಯ ಹೆಸರಿನ ಅನೇಕ ಪಾನೀಯಗಳು ಪೇಟೆಗೆ ಬಂದವು. ಪಂಜಾಬಿನಲ್ಲಿ 2017ರಲ್ಲಿ ಆರಂಭವಾದ ‘ಲಾಹೋರಿ ಜೀರಾ’ ಅಲ್ಪಕಾಲದಲ್ಲಿಯೇ ವ್ಯಾಪಕ ಮಾರುಕಟ್ಟೆ ಪಡೆಯಿತು. ಪಾರ್ಲೆಯಿಂದ ತನ್ನ ವಶಕ್ಕೆ ಬಂದಿದ್ದ ರಿಮ್ ಝಿಮ್ ಹೆಸರನ್ನು ಕೋಕಾ–ಕೋಲಾ ಮತ್ತೆ ಬಳಕೆಗೆ ತಂದಿತು. ಪ್ರಾದೇಶಿಕ ಉತ್ಪಾದಕರು ಉಳಿಸಿದ ರುಚಿಯ ಹಿಂದೆ ಬಹುರಾಷ್ಟ್ರೀಯ ಕಂಪನಿ ಬರಬೇಕಾಯಿತೆಂಬುದು 1977ರ ಅನುಭವಕ್ಕೆ ವಿರುದ್ಧವಾದ ಬೆಳವಣಿಗೆ.

ಮುರುಗಲಿನ ಪ್ರಶ್ನೆ

ಜೀರಿಗೆ ಹೊರಗಿನಿಂದ ಬಂದ ಪದಾರ್ಥ. ಮುರುಗಲು ಈ ನೆಲದ್ದೇ. ಘಟ್ಟದ ಕೆಳಗೆ ಪುನರ್ಪುಳಿ, ಕೊಂಕಣದಲ್ಲಿ ಕೋಕಂ ಎಂದು ಕರೆಯಲ್ಪಡುವ ಈ ಹಣ್ಣು ಸಹ್ಯಾದ್ರಿಯ ಕಾಡುಗಳಲ್ಲಿಯೂ, ಅಡಿಕೆ ತೋಟಗಳಿಗೆ ಹೊಂದಿಕೊಂಡ ಸೊಪ್ಪಿನ ಬೆಟ್ಟಗಳಲ್ಲಿಯೂ ದೊರೆಯುತ್ತದೆ. ಸಿಪ್ಪೆಯಿಂದ ಪಾನಕ, ಬೀಜದಿಂದ ಮುರುಗಲ ತುಪ್ಪ. ಪಿತ್ತಶಮನಕ್ಕೆ ಇದು ಮನೆಮದ್ದು. ಬಣ್ಣ, ಹುಳಿ, ಪರಿಮಳ ಎಲ್ಲವೂ ಇರುವ ಈ ಹಣ್ಣು ಸಾಗರ, ಹೊಸನಗರ, ತೀರ್ಥಹಳ್ಳಿಗಳ ಪ್ರಸಿದ್ಧ ಬಾಟಲಿ ಪಾನೀಯವಾಗದೆ ಉಳಿದದ್ದಕ್ಕೆ ಕಾರಣಗಳು ರುಚಿಯಲ್ಲಿಲ್ಲ.

ಹಣ್ಣು ಮಾಗುವುದು ಏಪ್ರಿಲ್, ಮೇ ತಿಂಗಳುಗಳಲ್ಲಿ. ಕೊಯ್ದ ಕೆಲವೇ ದಿನಗಳಲ್ಲಿ ಕೆಡುವ ಹಣ್ಣನ್ನು ಮಳೆ ಹಿಡಿಯುವುದರೊಳಗೆ ಒಡೆದು ಒಣಗಿಸಬೇಕು ಅಥವಾ ಸಕ್ಕರೆಯಲ್ಲಿ ಹಾಕಿ ರಸವಿಳಿಸಬೇಕು. ಮುಂಗಾರು ಬೇಗ ಬಂದರೆ ಫಸಲು ಕೈತಪ್ಪುತ್ತದೆ. ಮರಗಳು ಒಂದೆಡೆ ಇಲ್ಲ. ಕಾಡು, ಬೆಟ್ಟಗಳಲ್ಲಿ ಚದುರಿವೆ. ಅದರ ಕೆಂಪು ಬಣ್ಣ ಬಿಸಿಲು ಮತ್ತು ಶಾಖಕ್ಕೆ ಮಾಸುವಂತಹದು; ಪಾರದರ್ಶಕ ಬಾಟಲಿಯಲ್ಲಿ ತಿಂಗಳುಗಟ್ಟಲೆ ಅಂಗಡಿಯ ಮುಂದೆ ಇಡಬೇಕಾದ ಪಾನೀಯಕ್ಕೆ ಇದು ದೊಡ್ಡ ತೊಡಕು. ಜೀರಿಗೆಯಾದರೋ ಒಣ ಪದಾರ್ಥ. ವರ್ಷದ ಯಾವ ತಿಂಗಳಲ್ಲಾದರೂ ಊಂಝಾದಿಂದ ಮೂಟೆಯಲ್ಲಿ ತರಿಸಬಹುದು. ಕಾರ್ಖಾನೆಗೆ ಬೇಕಾದ ನಿರಂತರತೆ ದೂರದ ಜೀರಿಗೆಗಿತ್ತು, ಮನೆಯಂಗಳದ ಮುರುಗಲಿಗಿರಲಿಲ್ಲ.

ಹೀಗಿದ್ದರೂ ಮುರುಗಲು ಪೇಟೆಯಿಂದ ಪೂರ್ತಿ ಹೊರಗುಳಿದಿಲ್ಲ. ಮಲೆನಾಡಿನ ಗೃಹಿಣಿಯರು ಮತ್ತು ಸ್ವಸಹಾಯ ಗುಂಪುಗಳು ತಯಾರಿಸುವ ಗಟ್ಟಿ ರಸ ಸಾಗರದ ಅಂಗಡಿಗಳಲ್ಲಿ ಉಪ್ಪಿನಕಾಯಿ, ಹಪ್ಪಳಗಳೊಡನೆ ಸ್ಥಾನ ಪಡೆದಿದೆ. ನೆರೆಯ ಶಿರಸಿಯಲ್ಲಿ ಕದಂಬ ಮಾರ್ಕೆಟಿಂಗ್ ಸೌಹಾರ್ದ ಸಹಕಾರಿಯು ಕೋಕಂ ಮತ್ತು ಹಲಸಿನ ಸಂಸ್ಕರಣೆಗೆ ಒತ್ತುಕೊಟ್ಟಿದೆ. ಬೆಂಗಳೂರಿನ ಕಂಪನಿಯೊಂದು ಹೊರತಂದ ‘ಪೇಪರ್ ಬೋಟ್’ ಪಾನೀಯಗಳಲ್ಲಿ ಕೋಕಂ ಕೂಡ ಸೇರಿತ್ತು. ಶಿವಮೊಗ್ಗದ ಅಡಿಕೆ ಮಾರಾಟ ಸಹಕಾರ ಸಂಘ ಮಾಮ್‌ಕೋಸ್ 1939ರಷ್ಟು ಹಳೆಯದು. ಸಹಕಾರದ ಅನುಭವ ಮಲೆನಾಡಿಗೆ ಹೊಸದಲ್ಲ. ಆದರೆ ಆ ಸಹಕಾರ ಅಡಿಕೆಯ ಮಾರಾಟದ ಸುತ್ತಲೇ ನಿಂತಿತು. ಕಾಡಿನ ಹಣ್ಣಿಗೆ ಅಂತಹ ಸಂಘಟನೆ ಒದಗಲಿಲ್ಲ.

ತೆರಿಗೆ ಮತ್ತು ನಿಯಮಗಳು

ಪಾನೀಯದ ಚರಿತ್ರೆಯಲ್ಲಿ ಕಾನೂನಿನ ಪಾತ್ರವನ್ನೂ ಗಮನಿಸಬೇಕು. 1955ರ ಹಣ್ಣಿನ ಉತ್ಪನ್ನಗಳ ಆದೇಶದ ವ್ಯಾಪ್ತಿಗೆ ಸಿಹಿ ಬೆರೆತ ಸೋಡಾ ಪಾನೀಯಗಳೂ ಸೇರಿದ್ದವು. 2001ರಲ್ಲಿ ಬಾಟಲಿ ನೀರಿಗೆ ಭಾರತೀಯ ಮಾನಕ ಸಂಸ್ಥೆಯ ಮುದ್ರೆ ಕಡ್ಡಾಯವಾಯಿತು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯು 2011ರಿಂದ ಹಳೆಯ ಆದೇಶಗಳ ಸ್ಥಾನವನ್ನು ಪಡೆಯಿತು. ಶುದ್ಧತೆಯ ದೃಷ್ಟಿಯಿಂದ ಇವೆಲ್ಲ ಅಗತ್ಯವಾಗಿದ್ದರೂ ಪ್ರಯೋಗಾಲಯ, ಪರೀಕ್ಷೆ, ಪರವಾನಗಿಗಳ ವೆಚ್ಚವನ್ನು ಒಂದೇ ಕೋಣೆಯ ಸೋಡಾ ಫ್ಯಾಕ್ಟರಿ ಭರಿಸುವುದು ಕಠಿಣವಾಯಿತು.

2017ರ ಜುಲೈ 1ರಂದು ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯಲ್ಲಿ ಸಿಹಿ ಬೆರೆತ ಅನಿಲಯುಕ್ತ ಪಾನೀಯಗಳಿಗೆ ಶೇ. 28 ತೆರಿಗೆ ಮತ್ತು ಶೇ. 12 ಪರಿಹಾರ ಉಪಕರ ವಿಧಿಸಲಾಯಿತು. 2019ರ ಅಕ್ಟೋಬರ್‌ನಿಂದ ಇಂತಹ ಪಾನೀಯಗಳ ತಯಾರಕರನ್ನು ಸಣ್ಣ ಉದ್ದಿಮೆಗಳಿಗಿರುವ ರಾಜಿ ತೆರಿಗೆ ಯೋಜನೆಯಿಂದ ಹೊರಗಿಡಲಾಯಿತು. 2025ರ ಸೆಪ್ಟೆಂಬರ್ 22ರಿಂದ ಜಾರಿಯಾದ ಪರಿಷ್ಕರಣೆಯಲ್ಲಿ ಉಪಕರ ಹೋಗಿ ಶೇ. 40ರ ಒಂದೇ ದರ ಬಂದಿತು. ಅನಿಲವಿಲ್ಲದ ಹಣ್ಣಿನ ರಸದ ಪಾನೀಯಗಳ ದರ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಸಕ್ಕರೆಯ ಸೇವನೆಯನ್ನು ತಗ್ಗಿಸುವ ಆಶಯ ಈ ಅಧಿಕ ದರಕ್ಕೆ ಸಮರ್ಥನೆಯಾಗಿದೆ. ಆದರೆ ತೆರಿಗೆಯ ಪಟ್ಟಿಯು ಬಹುರಾಷ್ಟ್ರೀಯ ಕೋಲಾ, ಪ್ರಾದೇಶಿಕ ಜೀರಿಗೆ ಪಾನೀಯ ಮತ್ತು ಊರಿನ ಸಿಹಿ ಸೋಡಾಗಳ ನಡುವೆ ವ್ಯತ್ಯಾಸ ಮಾಡುವುದಿಲ್ಲ. ಜಾಹೀರಾತು ಮತ್ತು ಬೃಹತ್ ಉತ್ಪಾದನೆಯ ಬಲವುಳ್ಳವರಿಗೆ ಸಹ್ಯವಾಗುವ ಹೊರೆ ಸಣ್ಣವರಿಗೆ ಅಸಹ್ಯವಾಗಬಹುದು. ಮತ್ತೊಂದೆಡೆ, ಗುಳ್ಳೆಯಿಲ್ಲದ ಹಣ್ಣಿನ ಪಾನೀಯಕ್ಕೆ ದೊರೆತ ರಿಯಾಯಿತಿಯು ಮುರುಗಲಿನಂತಹ ಪಾನೀಯಗಳಿಗೆ ಹೊಸ ಅವಕಾಶವನ್ನು ತೆರೆದಿದೆ.

ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ನಿರ್ಣಯಗಳಿಗೆ ಬರಬಹುದು. ಸ್ಥಳೀಯ ತಂಪುಪಾನೀಯದ ಚರಿತ್ರೆಯನ್ನು ರುಚಿಯ ಚರಿತ್ರೆಯೆಂದು ಮಾತ್ರ ತಿಳಿಯುವುದು ಅಪೂರ್ಣ. ಗೋಲಿ ಸೋಡಾ ಅಳಿದದ್ದು ಅದರ ರುಚಿ ಕೆಟ್ಟಿದ್ದರಿಂದಲ್ಲ. ಮರಳಿ ಬರಬೇಕಾದ ಬಾಟಲಿ ಅದನ್ನು ಒಂದು ಪಟ್ಟಣಕ್ಕೆ ಸೀಮಿತಗೊಳಿಸಿತ್ತು. ಡಬಲ್ ಸೆವೆನ್‌ಗೆ ಸಂಶೋಧನಾಲಯದ ಸೂತ್ರವಿದ್ದರೂ ಜನರ ನೆನಪಿನಲ್ಲಿ ಬೇರಿರಲಿಲ್ಲ. ಬಿಂದುವಿನ ವಿಷಯದಲ್ಲಿ ಅಡಿಕೆ ಸೀಮೆಯ ಬಂಡವಾಳ, ಮರಳಬೇಕಾಗಿಲ್ಲದ ಬಾಟಲಿ ಮತ್ತು ಕಷಾಯದಿಂದ ಪರಿಚಿತವಾಗಿದ್ದ ರುಚಿ ಮೂರೂ ಒಂದೇ ಕಾಲದಲ್ಲಿ ಕೂಡಿಬಂದವು. ಮುರುಗಲಿಗೆ ರುಚಿಯಿತ್ತು, ನೆನಪಿತ್ತು. ಒದಗದೆ ಹೋದದ್ದು ನಿರಂತರ ಪೂರೈಕೆ ಮತ್ತು ಸಂಘಟನೆ.

ಅರಸು ಮನೆತನಗಳು ಶಾಸನಗಳನ್ನೂ ಕೋಟೆಗಳನ್ನೂ ಬಿಟ್ಟುಹೋದವು. ಸೋಡಾ ಫ್ಯಾಕ್ಟರಿಗಳು ಬಿಟ್ಟುಹೋದದ್ದು ಗಾಜಿನ ಮೇಲೆ ಉಬ್ಬಾಗಿ ಮೂಡಿದ ಹೆಸರುಗಳನ್ನು, ಮರದ ಪೆಟ್ಟಿಗೆಗಳನ್ನು, ಪರವಾನಗಿ ಪತ್ರಗಳನ್ನು ಮತ್ತು ಕೈಯಂತ್ರಗಳನ್ನು. ಇವು ಗುಜರಿಯ ಪಾಲಾಗುವ ಮುನ್ನ ಕೆಳದಿಯ ವಸ್ತುಸಂಗ್ರಹಾಲಯದಂತಹ ಸ್ಥಳೀಯ ಸಂಗ್ರಹಗಳಲ್ಲಿ ಅವುಗಳಿಗೆ ಸ್ಥಾನ ದೊರೆಯಬೇಕು. ಸಾಗರ, ಹೊಸನಗರ, ತೀರ್ಥಹಳ್ಳಿಗಳಲ್ಲಿ ಈ ಕಸುಬನ್ನು ನಡೆಸಿದ ಹಿರಿಯರ ಹೇಳಿಕೆಗಳನ್ನು ಕ್ಷೇತ್ರಕಾರ್ಯದ ಮೂಲಕ ದಾಖಲಿಸಬೇಕು. ಮುರುಗಲಿನ ಪಾನಕವನ್ನು ಮುಂದೆ ಬಾಟಲಿಗೆ ತುಂಬಲು ಹೊರಡುವವರಿಗೆ ಆ ದಾಖಲೆಗಳು ಉಪಯುಕ್ತವಾಗುತ್ತವೆ. ಯಾವ ಊರಿನ ಸೋಡಾ ಎಷ್ಟು ದೂರ ಹೋಗಿ ಎಲ್ಲಿ ನಿಂತಿತು ಎಂಬ ತಿಳಿವಳಿಕೆಯು ಈ ಕಸುಬಿನ ಗತಕ್ಕೆ ಹೇಗೋ ಹಾಗೆ ಅದರ ಮುಂದಿನ ದಾರಿಗೂ ಆಧಾರವಾಗಬಲ್ಲದು.